ತೆಂಕಣಕ್ಕೆ ಹೋದ ಪ್ರಸ್ಥಾನ

ನಾಗಪತಿ ಮಾಸ್ತರರನ್ನು ನಾನು ಮೊದಲು ನೋಡಿದ್ದು ಬೆನ್ನಿನ ಕಡೆಯಿಂದ. ಧಾರೇಶ್ವರದ ಶಾಲೆಗೆ ನಾನು ವರ್ಗವಾಗಿ ಬಂದ ದಿನ. ಶಾಲೆಯ ಬಾವಿಯ ಬಳಿ ಒಬ್ಬ ಆಳು ಮುಂಡಾಸು ಸುತ್ತಿ ಚಿರೆಕಲ್ಲು ಹೊರುತ್ತಿದ್ದ. "ಹೋಯ್, ದೊಡ್ಡ ಮಾಸ್ತರರು ಎಲ್ಲಿದ್ದಾರೆ?" ಎಂದು ಕೇಳಿದೆ. ಆಳು ತಿರುಗಿ ನೋಡದೆ, "ಊಟಕ್ಕೆ ಹೋಗಿದ್ದಾರೆ. ನೀವು ಬರುವ ತನಕ ಈ ಕಲ್ಲಿನ ಆ ತುದಿ ಹಿಡಿಯುವವರು ಯಾರೂ ಇರಲಿಲ್ಲ" ಎಂದ. ಟ್ರಂಕು ಕೆಳಗಿಟ್ಟು ಆ ತುದಿ ಹಿಡಿದೆ. ಕಲ್ಲು ಕಟ್ಟೆಗೆ ಏರಿದ ಮೇಲೆ ಆತ ಮುಂಡಾಸು ಬಿಚ್ಚಿ, ಕೈ ಒರೆಸಿಕೊಂಡು ನಮಸ್ಕಾರ ಮಾಡಿದ. ಆ ಶಾಲೆಯ ಕೈಕಸುಬಿನ ಮಾಸ್ತರರು ಅವರು. ನೂಲುವುದು, ಬಡಗಿ ಕೆಲಸ, ಚಾಪೆ ಹೆಣೆಯುವುದು ಇವೆಲ್ಲ ಅವರ ಪಾಠ.

ಅರ್ಧಕ್ಕೆ ನಿಂತ ಕೆಲಸವನ್ನು ಕಂಡು ಸುಮ್ಮನೆ ದಾಟಿ ಹೋಗುವುದು ಅವರಿಂದ ಆಗುತ್ತಿರಲಿಲ್ಲ. ಯಾರದೋ ಬೇಲಿ ಬಿದ್ದಿದ್ದರೆ ಛತ್ರಿಯನ್ನು ಅದೇ ಬೇಲಿಗೆ ನೇತುಹಾಕಿ ಗೂಟ ಹುಗಿಯುತ್ತಿದ್ದರು. ಹಾಗಾಗಿ ಅವರು ಎಲ್ಲಿಗೂ ಹೇಳಿದ ಹೊತ್ತಿಗೆ ತಲಪಿದ್ದಿಲ್ಲ. ಎಳೆತನದಲ್ಲೇ ತಾಯಿತಂದೆಯರನ್ನು ಕಳೆದುಕೊಂಡಿದ್ದ ಅವರನ್ನು ಬೆಳೆಸಿದವರು ಸೋದರತ್ತೆ ಗಂಗತ್ತೆ. ಗಂಡ ತೀರಿದ ಮೇಲೆ ಸಂತೆಗುಳಿಯಿಂದ ಒಂದು ಹಿತ್ತಾಳೆ ಕೊಡಪಾನವನ್ನೂ ಒಂದು ಪಂಚಾಂಗವನ್ನೂ ಹಿಡಿದುಕೊಂಡು ಬಂದ ಹೆಂಗಸು. ಓದು ಬರದಿದ್ದರೂ ಪಂಚಾಂಗ ಅವರ ಬಳಿಯೇ ಇರುತ್ತಿತ್ತು. ಬೇಕಾದಾಗ ಊರಿನ ಪುರೋಹಿತ ಮಾಬ್ಲೇಶ್ವರ ಭಟ್ಟರ ಮುಂದೆ ಬಿಚ್ಚಿ ಹಿಡಿಯುತ್ತಿದ್ದರು.

ಒಂದು ಮಳೆಗಾಲದಲ್ಲಿ ಹೊನ್ನಾವರದ ಬಳಿ ಶರಾವತಿ ಉಕ್ಕಿ, ದಡದ ಕೇರಿಯೊಂದರ ಮಣ್ಣಿನ ಗೋಡೆಗಳೆಲ್ಲ ಕರಗಿ ಹೋದವು. ಮಳೆ ನಿಂತ ಮೇಲೆ ಅಲ್ಲಿಗೆ ಶ್ರಮದಾನದ ಒಂದು ಸಂಘದ ಜನ ಬಂದರು. ನಾಲ್ಕಾರು ದೇಶದವರು, ಕೂಲಿ ಪಡೆಯದೆ ಕೆಲಸ ಮಾಡುವವರು. ನಾಗಪತಿ ಮಾಸ್ತರರು ನಾತಾಳದ, ಎಂದರೆ ಕ್ರಿಸ್ಮಸ್ಸಿನ ರಜೆಯನ್ನೆಲ್ಲ ಅಲ್ಲಿ ಕಳೆದರು. ಅವರಿಗೆ ಜೋಡಿಯಾಗಿ ಸಿಕ್ಕವನು ಹಾನ್ಸ್ ಎಂಬ ಮುದುಕ. ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿಯೊಂದರ ಬಡಗಿ. ಇವರಿಗೆ ಅವನ ಭಾಷೆ ಬಾರದು, ಅವನಿಗೆ ಇವರದು ಬಾರದು. ಉದ್ದ ಗರಗಸದ ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಎಳೆದಾಗ ಬಿಡಬೇಕು, ಬಿಟ್ಟಾಗ ಎಳೆಯಬೇಕು. "ಅಷ್ಟು ಗೊತ್ತಾದ ಮೇಲೆ ಮಾತು ಯಾಕೆ ಬೇಕು?" ಎನ್ನುತ್ತಿದ್ದರು ಮಾಸ್ತರರು.

ಎರಡು ಮೂರು ವರ್ಷ ಕಳೆದ ಮೇಲೆ, ಅರವತ್ತನಾಲ್ಕರ ಆರಂಭದಲ್ಲಿ, ಸಂಘದಿಂದ ಒಂದು ಕರೆ ಬಂತು. ಹಾನ್ಸನ ಹಳ್ಳಿಯ ಮೇಲೆ ಗುಡ್ಡ ಜರಿದು ದಾರಿ, ದನದ ಕೊಟ್ಟಿಗೆ ಎಲ್ಲ ಮುಚ್ಚಿಹೋಗಿವೆ. ಬೇಸಿಗೆಯಲ್ಲಿ ಹಿಮ ಕರಗಿದ ಕೂಡಲೆ ಅಲ್ಲಿ ಶಿಬಿರ. ಹಿಂದೂಸ್ತಾನದಿಂದ ಇಬ್ಬರು ಬರಬಹುದು. ಹಡಗಿನ ಟಿಕೆಟ್ಟು ಸಂಘದ್ದು. ಆ ಇಬ್ಬರಲ್ಲಿ ಒಬ್ಬನಾಗಿ ನಾಗಪತಿಯೇ ಬರಲಿ ಎಂದು ಮುದುಕ ಹಟ ಹಿಡಿದಿದ್ದನಂತೆ.

ಗಂಗತ್ತೆಯನ್ನು ಒಪ್ಪಿಸುವುದು ಹೇಗೆ ಎಂದು ನಾವು ಯೋಚನೆ ಮಾಡಿದ್ದೇ ಮಾಡಿದ್ದು. ಕೊನೆಗೆ ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಗ ಮಾಸ್ತರರು ಹೋಗಿ ಎದುರು ಕುಳಿತರು. ನಾನು ಜಗುಲಿಯ ಕಂಬಕ್ಕೆ ಒರಗಿ ಕುಳಿತಿದ್ದೆ.

"ಎಂತಕ್ಕೆ ಹೋಪದು? ನೌಕರಿಗಾ?"

"ಅಲ್ಲ ಅತ್ತೆ."

"ಓದಲಾ?"

"ಅದೂ ಅಲ್ಲ. ಮಣ್ಣು ಹೊರಲೆ."

ಗಂಗತ್ತೆ ಮೊರ ಕೆಳಗಿಟ್ಟರು. "ಯಾರ ಮಣ್ಣು?"

"ಅವು ಬಂದು ಹೊಳೆ ದಂಡೆ ಜನಕ್ಕೆ ಮನೆ ಕಟ್ಟಿಕೊಟ್ಟಿದ್ವಲೆ. ಈಗ ಅವರ ಮನೆ ಬಿದ್ದು. ಆ ಮುರಿಯಾಳು ಬಾಕಿ ಇದ್ದು."

ಮುರಿಯಾಳು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಂದು ನೀನು ನನ್ನ ಗದ್ದೆಯ ನಟ್ಟಿಗೆ ಬಂದರೆ, ನಾಳೆ ನಾನು ನಿನ್ನ ಗದ್ದೆಗೆ ಬರಬೇಕು. ಕೂಲಿ ಇಲ್ಲ, ಬರೆದಿಡುವುದಿಲ್ಲ; ಆದರೆ ಮರೆಯುವಂತಿಲ್ಲ. ಕರೆ ಬಂದಾಗ ಹೋಗದವನ ಗದ್ದೆಗೆ ಮರುವರ್ಷ ಯಾರೂ ಕಾಲಿಡುವುದಿಲ್ಲ. ಗಂಗತ್ತೆ ಮತ್ತೆ ಮೊರ ಎತ್ತಿಕೊಂಡು ಕಲ್ಲು ಹೆಕ್ಕಿದರು. ಬಳಿಕ, "ಮುರಿಯಾಳು ಬಾಕಿ ಇಟ್ಕಂಡು ಕೂಪಲಾಗ. ಹೋಗಿ ಬಾ" ಎಂದರು. ಕಡಲು ದಾಟುವ ಮಾತು ಅಷ್ಟರಲ್ಲಿ ಮುಗಿಯಿತು.

ಅಲ್ಲಿಂದ ಸಿದ್ಧತೆ ಶುರು. ಸಂಬಳವಿಲ್ಲದ ಬಿನ್‌ಪಗಾರಿ ರಜೆ ಮಂಜೂರಾಯಿತು. ಕುಮಟೆಯ ದರ್ಜಿಯೊಬ್ಬ ಕರಿಯ ಕಂಬಳಿಯನ್ನು ಕತ್ತರಿಸಿ ಕೋಟು ಹೊಲಿದುಕೊಟ್ಟ. ಹಾಕಿಕೊಂಡರೆ ಮಾಸ್ತರರು ಮೇಯಲು ಹೊರಟ ಎಮ್ಮೆಯಂತೆ ಕಾಣುತ್ತಿದ್ದರು. ಹುಬ್ಬಳ್ಳಿಯಿಂದ ಬೂಟು ಬಂತು. ಹುಟ್ಟಿದಂದಿನಿಂದ ಬರಿಗಾಲಿನಲ್ಲಿ ನಡೆದವರಿಗೆ ಬೂಟು ಅಭ್ಯಾಸವಾಗಬೇಕಲ್ಲ; ಬೆಳಿಗ್ಗೆ ದೇವಸ್ಥಾನದ ಹಿಂದಿನ ಕಡಲ ದಂಡೆಯಲ್ಲಿ ಅದನ್ನು ಹಾಕಿಕೊಂಡು ನಡೆಯುತ್ತಿದ್ದರು. ಮೀನು ಮಾರುವ ತಿಮ್ಮಿ ಬುಟ್ಟಿ ಇಳಿಸಿ ನಿಂತು ನೋಡುತ್ತಿದ್ದಳು.

"ಒಡೆಯಾ, ಪುಕ್ಕಟೆ ಮಣ್ಣು ಹೊರೂಕೆ ಅಷ್ಟ್ ದೂರ ಯಾಕೆ? ನಮ್ಮನಿ ಹಿಂದೆ ಬೇಕಾದಷ್ಟು ಅದೆ. ಬೂಟೂ ಬ್ಯಾಡ."

"ನೀನು ನನ್ನ ಮನೆ ಕಟ್ಟಿದ್ದೀಯಾ ತಿಮ್ಮಿ?"

"ಇಲ್ಲ."

"ಹಾಗಾದರೆ ಮೊದಲು ಕಟ್ಟು. ಆಮೇಲೆ ಹೊರುತ್ತೇನೆ."

ಪಾಸ್‌ಪೋರ್ಟಿನ ವಿಚಾರಣೆಗೆ ಒಬ್ಬ ಪೋಲೀಸನು ಮನೆಗೆ ಬಂದು, "ಇವರ ನಡತೆ ಹೇಗೆ?" ಎಂದು ಗಂಗತ್ತೆಯನ್ನೇ ಕೇಳಿದ. "ಊಟಕ್ಕೆ ಹೊತ್ತಿಗೆ ಸರಿಯಾಗಿ ಬತ್ನಿಲ್ಲೆ. ಬೇರೆ ಎಂತದೂ ಇಲ್ಲೆ" ಎಂದರು. ಅವನು ಅದನ್ನು ಹೇಗೆ ಬರೆದುಕೊಂಡನೋ ತಿಳಿಯದು, ಪಾಸ್‌ಪೋರ್ಟು ಬಂತು. ಸಿಡುಬಿನ ಮೈಲಿ ಹಾಕಿಸಿಕೊಂಡ ತೋಳು ಬಾತು, ಆರಿತು. ಅದರ ಹಳದಿ ಕಾರ್ಡೂ ಸಿಕ್ಕಿತು. ಗಂಗತ್ತೆ ಅವಲಕ್ಕಿ ಕುಟ್ಟಿಸಿದರು, ಹಪ್ಪಳ ಒಣಗಿಸಿದರು, ಪಿತ್ತಕ್ಕೆ ಒಳ್ಳೆಯದೆಂದು ಮುರುಗಲು ಸಿಪ್ಪೆಯನ್ನು ಡಬ್ಬಿಗೆ ತುಂಬಿದರು. ಹಿಮದ ದೇಶದಲ್ಲಿ ಪಿತ್ತ ಕೆರಳುವುದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಒಂದೇ ಒಂದು ತೊಡಕು ಇತ್ತು. ಹಡಗಿನ ದಿನಕ್ಕೆ ಬೊಂಬಾಯಿ ತಲಪಬೇಕೆಂದರೆ ಮಂಗಳವಾರ ಕುಮಟೆಯಿಂದ ಹುಬ್ಬಳ್ಳಿಯ ಬಸ್ಸು ಹತ್ತಬೇಕು. ಮಂಗಳವಾರ ಉತ್ತರ ದಿಕ್ಕಿಗೆ ಶೂಲ; ಅಂದು ಆ ಕಡೆ ಹೊರಡುವಂತಿಲ್ಲ. ಮಾಬ್ಲೇಶ್ವರ ಭಟ್ಟರು ಪಂಚಾಂಗ ತಿರುಗಿಸಿ, ಅದಕ್ಕೆ ಇರುವ ದಾರಿಯನ್ನೂ ಹೇಳಿದರು: "ಗುರುವಾರ ಬೆಳಗ್ಗೆ ಒಳ್ಳೆ ಮುಹೂರ್ತ ಇದ್ದು. ಪ್ರಸ್ಥಾನ ಇಟ್ಟುಬಿಡಿ. ಆಮೇಲೆ ಯಾವಾಗ ಹೋದ್ರೂ ಅಡ್ಡಿಲ್ಲೆ."

ಹೊರಡುವವನಿಗೆ ಮುಹೂರ್ತದ ದಿನ ಹೊರಡಲಾಗದಿದ್ದರೆ, ಅವನ ಬದಲು ಅವನದೊಂದು ಗಂಟು ಹೊರಡುತ್ತದೆ. ಅವನ ವಸ್ತ್ರ, ಅಕ್ಕಿ, ಅಡಿಕೆ, ಅರಿಸಿನದ ಕೊಂಬನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಡುವುದು. ಅದಕ್ಕೇ ಪ್ರಸ್ಥಾನ ಎನ್ನುವುದು. ಗಂಟು ಹೊರಟಿತೆಂದರೆ ಮನುಷ್ಯ ಹೊರಟಂತೆಯೇ. ಮತ್ತೆ ಅದನ್ನು ಸ್ವಂತ ಮನೆಗೆ ತರುವಂತಿಲ್ಲ. ಹೋಗುವ ದಿನ ಅಲ್ಲಿಂದಲೇ ಎತ್ತಿಕೊಂಡು ನಡೆಯಬೇಕು.

ಮಾಸ್ತರರ ಮನೆಯ ಉತ್ತರಕ್ಕಿದ್ದದ್ದು ವಸಂತಿಬಾಯಿಯವರ ಮನೆ. ಕೊಂಕಣಿ ಮಾತಾಡುವ, ಮಾತಿಗೆ ತಪ್ಪದ ಹೆಂಗಸು. ಗಂಡನಿಲ್ಲ, ಒಬ್ಬಳೇ ಮಗಳು ಸುಮತಿಯನ್ನು ಭಟ್ಕಳಕ್ಕೆ ಕೊಟ್ಟಿತ್ತು. ಗುರುವಾರ ಗಂಗತ್ತೆ ತಾವೇ ಕಟ್ಟಿದ ಗಂಟನ್ನು ಮಾಸ್ತರರ ಕೈಗೆ ಕೊಟ್ಟರು. ಮಾಸ್ತರರು ಅದನ್ನು ವಸಂತಿಬಾಯಿಯ ದೇವರ ಮುಂದಿಟ್ಟು ಬಂದರು.

"ವಸಂತಿ, ಇದು ನಾಗಪತಿನೇ ಹೇಳಿ ತಿಳಕ. ಕಣ್ಣು ತಪ್ಪಿಸಡ" ಎಂದರು ಗಂಗತ್ತೆ.

"ಗಂಗಕ್ಕಾ, ನಾನು ಇದ್ದಲ್ಲಿ ಅದು ಇರ್ತದೆ. ನೀನು ನಿದ್ದೆ ಮಾಡು" ಎಂದರು ವಸಂತಿಬಾಯಿ.

ಸೋಮವಾರ ಬೆಳಿಗ್ಗೆ ಟ್ರಂಕಿಗೆ ಹಗ್ಗ ಬಿಗಿಯಲು ನಾನು ಹೋದೆ. ಕಂಬಳಿ ಕೋಟು, ಬೂಟು, ಅವಲಕ್ಕಿಯ ಚೀಲ ಎಲ್ಲ ಕುಳಿತಿದ್ದವು. ಹಗ್ಗ ಎಳೆಯುವ ಮೊದಲು, "ಪಾಸ್‌ಪೋರ್ಟು ಎಲ್ಲಿ?" ಎಂದು ಕೇಳಿದೆ. ಮಾಸ್ತರರು ಕೋಟಿನ ಜೇಬಿಗೆ ಕೈಹಾಕಿದರು. ಟ್ರಂಕಿನ ತಳದ ತನಕ ಕೆದಕಿದರು. ಗಂಗತ್ತೆ ಒಳಗಿನಿಂದ ಬಂದು, ಏನೂ ಆಗದವರಂತೆ, "ಅದು ಪ್ರಸ್ಥಾನದಲ್ಲಿ ಇದ್ದು. ಟಿಕೆಟ್ಟು, ಹಳದಿ ಕಾರ್ಡು ಎಲ್ಲ ಅದರೊಳಗೇ ಸೇರಿಸಿ ಇಟ್ಟಿದ್ದಿ" ಎಂದರು.

"ಅದನ್ನ ಎಂತಕ್ಕೆ ಇಟ್ಟೆ ಅತ್ತೆ?"

"ಪ್ರಸ್ಥಾನ ಹೇಳಿರೆ ಹೋಪವನೇ ಹೊರಟ ಹಾಂಗೆ, ಹೌದಾ ಅಲ್ದಾ? ಬರೀ ಪಂಜೆ ಇಟ್ಟರೆ ಪಂಜೆ ಹೊರಡ್ತು. ಅದರಲ್ಲಿ ನಿನ್ನ ಮೋರೆ ಇದ್ದು, ನಿನ್ನ ಹೆಸರಿದ್ದು, ಅಪ್ಪನ ಹೆಸರಿದ್ದು. ಅದಿಲ್ಲದಿದ್ರೆ ನಿನ್ನ ಹಡಗಿಗೆ ಹತ್ತಿಸ್ಕತ್ವಿಲ್ಲೆ ಹೇಳಿ ನೀನೇ ಹೇಳಿದ್ದೆ. ಅದಕ್ಕಿಂತ ಹೆಚ್ಚಿನ ನೀನು ಮತ್ತೆಂತ ಇದ್ದು?"

ಮಾಸ್ತರರು ನಕ್ಕುಬಿಟ್ಟರು. ಪಕ್ಕದ ಮನೆಯಲ್ಲಿ ಇದ್ದರೇನು, ಟ್ರಂಕಿನಲ್ಲಿ ಇದ್ದರೇನು? ಒಮ್ಮೆ ಕಣ್ಣಿಂದ ನೋಡಿ ಬರೋಣವೆಂದು ಇಬ್ಬರೂ ಹೋದೆವು. ವಸಂತಿಬಾಯಿಯ ಬಾಗಿಲಿಗೆ ಬೀಗ ಬಿದ್ದಿತ್ತು.

ಬೀಗವನ್ನು ನೋಡುತ್ತ ನಿಂತಿದ್ದಾಗಲೇ ತಿಮ್ಮಿ ಬುಟ್ಟಿ ಹೊತ್ತು ಬಂದಳು. "ಹೇಳೂಕೆ ಅಂತಲೇ ಬಂದೆ ಒಡೆಯಾ. ಬಾಯಮ್ಮ ನಿನ್ನೆ ಬೆಳಿಗ್ಗೆ ಭಟ್ಕಳಕ್ಕೆ ಹೋದ್ರು. ಮಗಳಿಗೆ ದಿನ ಹತ್ರ ಬಂತು ಅಂತ ಅಳಿಯ ಹೇಳಿ ಕಳ್ಸಿದ್ರಂತೆ. ಗಂಗಮ್ಮ ಆಗ ಮನೇಲಿರ್ಲಿಲ್ಲ, ದೇವಸ್ಥಾನಕ್ಕೆ ಹೋಗಿದ್ರು, ಅದ್ಕೆ ನಂಗೆ ಹೇಳಿ ಹೋದ್ರು."

"ಗಂಟು? ಕೆಂಪು ಗಂಟು?"

"ಎದೆಗೆ ಅವುಚ್ಕಂಡು ಹೋದ್ರಲ್ಲ. ದೀಪ ಹಚ್ಚೂಕೆ ಜನ ಇಲ್ದ ಮನೀಲಿ ಅದನ್ನ ಬಿಡೂಕಾಗೂದಿಲ್ಲ, ಗಂಗಕ್ಕನ ಮನೆಗೆ ವಾಪಸು ಕೊಡೂಕೂ ಆಗೂದಿಲ್ಲ, ನಂಗೆ ಮಾತು ಅದೆ ಅಂದ್ರು. ನಾನು ನಿನ್ನೆಯೇ ಬರ್ತಿದ್ದೆ ಒಡೆಯಾ, ಬಂಗಡೆ ಸಿಕ್ಕಾಪಟ್ಟೆ ಬಂತು."

ಗಂಗತ್ತೆ ಬೇಲಿಯ ಆಚೆಯಿಂದ ಎಲ್ಲವನ್ನೂ ಕೇಳಿದ್ದರು. ಅವರಿಗೆ ಹತ್ತಿದ ಚಿಂತೆ ಪಾಸ್‌ಪೋರ್ಟಿನದಲ್ಲ. "ತೆಂಕಣಕ್ಕೆ!" ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಉತ್ತರಕ್ಕೆ ಹೊರಟವನ ಪ್ರಸ್ಥಾನ ದಕ್ಷಿಣಕ್ಕೆ, ಯಮನ ದಿಕ್ಕಿಗೆ ಹೋಯಿತಲ್ಲ! ನಮಗಾದರೋ ಇನ್ನೊಂದು ಭಯ. ಮರುದಿನ ಮಧ್ಯಾಹ್ನದ ಹುಬ್ಬಳ್ಳಿ ಬಸ್ಸು ತಪ್ಪಿದರೆ ರೈಲು ತಪ್ಪುತ್ತದೆ. ರೈಲು ತಪ್ಪಿದರೆ ಹಡಗು ಇಲ್ಲ. ಸಂಘ ಎರಡನೆಯ ಸಲ ಟಿಕೆಟ್ಟು ಕಳಿಸುವುದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗಂಗತ್ತೆ ಎದ್ದರು. ಸೀರೆಯ ಸೆರಗು ಬಿಗಿದುಕೊಂಡು, ಮದುವೆ ಮನೆಯ ಅಡುಗೆಯ ಕೆಲಸ ಹಂಚುವವರಂತೆ ಮಾಸ್ತರರಿಗೆ ಹೇಳಿದರು.

"ತಮಾ, ಈಗಲೇ ಭಟ್ಕಳಕ್ಕೆ ಹೋಗು. ನಾಳೆ ಬಸ್ಸಿಗೆ ಬಾ. ಟ್ರಂಕು ಆನು ರಸ್ತೆಗೆ ತಂದು ಇಡ್ತಿ. ಗಂಟು ಸಿಕ್ಕಿದ್ರೆ ಇಲ್ಲಿ ಇಳಿಯಡ. ಹೊರಟ ಪ್ರಸ್ಥಾನ ಈ ಮಣ್ಣಿಗೆ ಮತ್ತೆ ಕಾಲಿಡಲಾಗ. ಹಾಂಗೇ ಕುಮಟೆಗೆ ಹೋಗು."

"ಸಿಕ್ಕದಿದ್ರೆ?"

"ಸಿಕ್ಕದಿದ್ರೆ ಇಳಿ."

ಹೊನ್ನಾವರದ ತನಕ ಒಂದು ಬಸ್ಸು. ಅಲ್ಲಿ ಇಳಿದು ಲಾಂಚಿನಲ್ಲಿ ಶರಾವತಿ ದಾಟಬೇಕು. ಆಚೆ ದಡದಲ್ಲಿ ಭಟ್ಕಳದ ಬಸ್ಸು ಕಾಯುತ್ತಿರುತ್ತದೆ, ಕಾಯದೆಯೂ ಇರುತ್ತದೆ. ಲಾಂಚಿನಲ್ಲಿ ಮಾಸ್ತರರು ದೂರದ ದಡವನ್ನೇ ನೋಡುತ್ತಿದ್ದರು. ಅಲ್ಲಿ ಅವರೂ ಹಾನ್ಸನೂ ಕಟ್ಟಿದ ಮನೆಗಳ ಹೆಂಚು ಕಾಣುತ್ತಿತ್ತು.

"ಅವನಿಗೆ ಎಪ್ಪತ್ತು ದಾಟಿತು" ಎಂದರು. "ಇನ್ನೊಂದು ಬೇಸಿಗೆ ಎಂದರೆ ಗರಗಸದ ಆ ತುದಿ ಹಿಡಿಯುವವರು ಇರುತ್ತಾರೋ ಇಲ್ಲವೋ. ನನಗೆ ಊರು ನೋಡುವ ಹುಚ್ಚಿಲ್ಲ. ಕರೆ ಬಂದಾಗ ಹೋಗದವನು ಅಂತ ಆಗಬಾರದು."

ಭಟ್ಕಳ ಮುಟ್ಟುವಾಗ ಬಿಸಿಲು ಇಳಿದಿತ್ತು. ವಸಂತಿಬಾಯಿಯ ಅಳಿಯ ರಮಾನಂದನ ಜವಳಿ ಅಂಗಡಿ ಕೆಳಗೆ, ಮನೆ ಮೇಲೆ. ಅವನು ಅಂಗಡಿಯ ಹೊಸ್ತಿಲಲ್ಲೇ ನಿಂತು ಬಂದವರಿಗೆಲ್ಲ ಸಕ್ಕರೆ ಕೊಡುತ್ತಿದ್ದ.

"ಬನ್ನಿ ಬನ್ನಿ ಮಾಸ್ತರೇ! ಹೆಣ್ಣು! ಇಂದು ಬೆಳಿಗ್ಗೆ! ಸಕ್ಕರೆ ತಗೊಳ್ಳಿ. ಒಳಗೆ ಕರೆಯೂಕೆ ಆಗೂದಿಲ್ಲ, ಅಮೆ ಅದೆ ನೋಡಿ."

ಮಾಸ್ತರರ ಕೈಯಲ್ಲಿ ಸಕ್ಕರೆ ಹಾಗೇ ಉಳಿಯಿತು. ಹೆರಿಗೆಯಾದ ಮನೆಗೆ ಹತ್ತು ದಿನ ಅಮೆ, ಹುಟ್ಟಿನ ಮೈಲಿಗೆ. ಅಲ್ಲಿರುವ ಗಂಟಿಗೂ ಅದು ತಟ್ಟುತ್ತದೆ. ಅವರು ಸ್ವತಃ ಅದನ್ನು ಲೆಕ್ಕಿಸುವವರಲ್ಲ. ಆದರೆ ದಿಕ್ಕು ತಪ್ಪಿದ್ದಕ್ಕೇ ಮೆಟ್ಟಿಲ ಮೇಲೆ ಕುಳಿತ ಅತ್ತೆ, ಅಮೆ ತಟ್ಟಿದ ಪ್ರಸ್ಥಾನ ಹೊತ್ತು ಹೋದವನನ್ನು ನೆನೆದು ಇಡೀ ಮಳೆಗಾಲ ಹೇಗೆ ಕಳೆದಾರು? ಸುಳ್ಳು ಹೇಳೋಣವೆಂದರೆ ಅವರಿಗೆ ಸುಳ್ಳು ಬರುತ್ತಿರಲಿಲ್ಲ.

ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ವಸಂತಿಬಾಯಿಯ ತಲೆ ಹೊರಬಂತು.

"ಮಾಸ್ತರೇ! ಗಂಟಿಗೆ ಬಂದ್ರಾ? ನಾಳೆ ಮೊದಲ ಬಸ್ಸಿಗೇ ನಾನು ಯಾರ ಹತ್ರಾದ್ರೂ ಕೊಟ್ಟು ಕಳಿಸ್ತಿದ್ದೆ. ಮೋರೆ ಯಾಕೆ ಹಾಗೆ? ಅಮೆ ಅಂತಲಾ? ನನಗೆ ಅಷ್ಟೂ ತಿಳಿಯೂದಿಲ್ವಾ! ಸುಮತಿಗೆ ನೋವು ಶುರುವಾದ ಕೂಡಲೆ ಮೊದಲು ಆ ಗಂಟು ಹೊರಗೆ ಸಾಗಿಸಿದೆ, ಆಮೇಲೆ ಸೂಲಗಿತ್ತಿಗೆ ಹೇಳಿ ಕಳಿಸಿದ್ದು. ಎದುರು ಮನೆ ಮೈಮೂನಾಬಿ ಹತ್ರ ಅದೆ, ಹೋಗಿ ಇಸ್ಕೊಳ್ಳಿ!"

ಕೆಳಗೆ ರಮಾನಂದ, "ಹೌದು, ನನ್ನ ಹೆಂಡತಿ ಅಲ್ಲಿ ಕೂಗ್ತಿದ್ಳು, ಇವರು ಗಂಟು ಹಿಡ್ಕೊಂಡು ರಸ್ತೆ ದಾಟ್ತಿದ್ರು" ಎಂದು ನಗೆಯಾಡಿದ.

ಎದುರು ಮನೆ ನವಾಯತ ಮುಸಲ್ಮಾನರದು. ಮೈಮೂನಾಬಿಯ ಗಂಡ ವ್ಯಾಪಾರಕ್ಕೆ ಕೊಲಂಬೋದಲ್ಲಿದ್ದ. ವರ್ಷಕ್ಕೊಮ್ಮೆ ಬಂದು ಹೋಗುವವನು. ಅರ್ಧ ಬಾಗಿಲಿನ ಹಿಂದಿನಿಂದ ಅವರು ನಮ್ಮನ್ನು ಚೆನ್ನಾಗಿ ನೋಡಿದರು. ನಮ್ಮ ಮಾತನ್ನು ಪೂರ್ತಿ ಕೇಳಿದರು. ಗಂಟು ಮಾತ್ರ ಕೊಡಲಿಲ್ಲ.

"ನನಗೆ ಕೊಟ್ಟವರು ವಸಂತಿಬಾಯಿ. ಅವರ ಕೈಗೇ ಕೊಡ್ತೇನೆ."

"ಅವರು ಈಗ ಮುಟ್ಟುವ ಹಾಗಿಲ್ಲವಲ್ಲ."

"ಹಾಗಾದ್ರೆ ಯಾರದ್ದೋ ಅವರಿಗೆ ಕೊಡ್ತೇನೆ. ನೀವೇ ಅವರು ಅಂತ ನನಗೆ ಹೇಗೆ ಗೊತ್ತು?"

ಕಿಟಕಿಯಿಂದ ವಸಂತಿಬಾಯಿ, "ಅವರೇ, ಮೈಮೂನಾ, ಅವರೇ! ಎತ್ತರದವರು!" ಎಂದು ಕೂಗಿದರು. ದುರ್ದೈವಕ್ಕೆ ನಾವಿಬ್ಬರೂ ಒಂದೇ ಎತ್ತರ. ಮೈಮೂನಾಬಿಗೆ ನಗು ಬಂತು. ಆದರೂ ಬಾಗಿಲು ಅರ್ಧವೇ ಇತ್ತು.

"ನೋಡಿ, ಒಳಗೆ ಪಾಸ್‌ಪೋರ್ಟ್ ಅದೆ. ನಾನು ಬಿಚ್ಚಲಿಲ್ಲ, ಕೈಗೇ ಗೊತ್ತಾಗ್ತದೆ, ನಮ್ಮ ಮನೆಯವರದ್ದು ಎಷ್ಟು ಸಲ ಎತ್ತಿಟ್ಟಿಲ್ಲ! ಅದರಲ್ಲಿ ಫೋಟೋ ಇರ್ತದೆ. ನೀವೇ ಬಿಚ್ಚಿ ತೋರಿಸಿ."

ಗಂಟನ್ನು ಹೊಸ್ತಿಲ ಮೇಲೆ ಇಟ್ಟು ಹಿಂದೆ ಸರಿದರು. ಮಾಸ್ತರರು ಕುಕ್ಕುರುಗಾಲಿನಲ್ಲಿ ಕುಳಿತು, ಪೂರ್ತಿ ಬಿಚ್ಚದೆ, ಒಂದು ಮೂಲೆಯನ್ನಷ್ಟೇ ಸಡಿಲಿಸಿ, ಪಂಜೆಯ ಮಡಿಕೆಯಿಂದ ಪುಸ್ತಕವನ್ನು ಎಳೆದು ತೆರೆದು ಹಿಡಿದರು. ಎರಡು ಅಕ್ಕಿಕಾಳು ಅದರಿಂದ ಉದುರಿದವು. ಮೈಮೂನಾಬಿ ಪಟವನ್ನು ನೋಡಿದರು, ಮುಖವನ್ನು ನೋಡಿದರು, ಮತ್ತೆ ಪಟವನ್ನು ನೋಡಿದರು.

"ಫೋಟೋದಲ್ಲಿ ತಲೆ ಬಾಚಿದ್ದೀರಿ" ಎಂದರು. "ಆತು, ತಗೊಳ್ಳಿ."

ಮಾಸ್ತರರು ಪುಸ್ತಕವನ್ನು ಮತ್ತೆ ಮಡಿಕೆಗೆ ಸೇರಿಸಿ ಮೂಲೆಯನ್ನು ಬಿಗಿದರು. ಗಂಟನ್ನು ಎತ್ತಿ ಎದೆಗೆ ಹಿಡಿದುಕೊಂಡರು, ವಸಂತಿಬಾಯಿ ಹಿಡಿದುಕೊಂಡು ಹೋದಂತೆಯೇ. ಬೆಳಗಿನಿಂದ ಮೊದಲ ಸಲ ಅವರಿಗೆ ಹಸಿವು ನೆನಪಾಯಿತು. ಕೈಯಲ್ಲಿ ಅಂಟಿದ್ದ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರು. ನಾವು ತಿರುಗುವಷ್ಟರಲ್ಲಿ ಮೈಮೂನಾಬಿ ಮತ್ತೆ ಕರೆದು, ಒಳಗಿನಿಂದ ಒಂದು ಚಪ್ಪಟೆ ಬಟ್ಟೆಯ ಚೀಲ ತಂದುಕೊಟ್ಟರು. ದಪ್ಪ ನೂಲಿನಲ್ಲಿ ಹೊಲಿದದ್ದು, ಕುತ್ತಿಗೆಗೆ ಹಾಕಿಕೊಳ್ಳಲು ದಾರವಿದ್ದದ್ದು.

"ಪಾಸ್‌ಪೋರ್ಟ್ ಟ್ರಂಕಿನಲ್ಲಿ ಇಡಬೇಡಿ, ಗಂಟಿನಲ್ಲೂ ಬೇಡ. ಇದರಲ್ಲಿ ಹಾಕಿ, ಅಂಗಿಯ ಒಳಗೆ. ನಮ್ಮ ಮನೆಯವರಿಗೆ ಇಂಥದ್ದೇ ಹೊಲಿದು ಕೊಟ್ಟಿದ್ದೇನೆ, ಇದು ಹೆಚ್ಚಿನದ್ದು. ಹಡಗಿನಲ್ಲಿ ಮಲಗುವಾಗಲೂ ತೆಗೀಬೇಡಿ."

ರಾತ್ರಿ ಪರಿಚಯದ ಮಾಸ್ತರರೊಬ್ಬರ ಮನೆಯಲ್ಲಿ ತಂಗಿ, ಬೆಳಗಿನ ಮೊದಲ ಬಸ್ಸು ಹಿಡಿದೆವು. ಶರಾವತಿಯ ಮೇಲೆ ಗಾಳಿಯಿತ್ತು. ಲಾಂಚು ಓಲಾಡಿದಾಗಲೆಲ್ಲ ಮಾಸ್ತರರ ಕೈ ಅಂಗಿಯ ಎದೆಗೆ ಹೋಗುತ್ತಿತ್ತು. ಹೊನ್ನಾವರದಲ್ಲಿ ಕುಮಟೆಯ ಬಸ್ಸು ನಮಗಾಗಿಯೇ ಎಂಬಂತೆ ನಿಂತಿತ್ತು. ಅವರು ಕುಮಟೆಗೆ ಟಿಕೆಟ್ಟು ಕೊಂಡರು, ನಾನು ಧಾರೇಶ್ವರಕ್ಕೆ.

ದೂರದಿಂದಲೇ ಗಂಗತ್ತೆ ಕಂಡರು. ರಸ್ತೆಯ ಬದಿಯ ಮರದ ಕೆಳಗೆ ಟ್ರಂಕು. ಅದರ ಮೇಲೆ ಕುಳಿತುಕೊಳ್ಳದೆ, ಪಕ್ಕದಲ್ಲಿ ನೆಟ್ಟಗೆ ನಿಂತಿದ್ದರು. ಟ್ರಂಕು ಹೊತ್ತು ತಂದಿದ್ದ ತಿಮ್ಮಿ ಅಲ್ಲೇ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ಬಸ್ಸು ನಿಂತಿತು. ಮೊದಲು ಇಳಿದವನು ನಾನು. ಬಾಗಿಲಿನಿಂದ ಬಿಳಿಯ ಪಂಜೆಯೊಂದು ಕೆಳಗಿಳಿಯುವುದನ್ನು ಕಂಡ ಗಂಗತ್ತೆ ಒಂದು ಹೆಜ್ಜೆ ಹಿಂದೆ ಹೋಗಿ ಮರಕ್ಕೆ ಕೈಯಾನಿಸಿದರು.

"ಗಂಗತ್ತೆ, ನಾನು! ಅವರು ಒಳಗಿದ್ದಾರೆ!"

ಅಷ್ಟರಲ್ಲಿ ಮಾಸ್ತರರು, ಅತ್ತೆಯ ಕಾಲಿಗೆ ಬೀಳದೆ ಹೋಗುವುದು ಹೇಗೆಂದು, ಬಾಗಿಲ ಮೆಟ್ಟಿಲಿಗೆ ಬಂದು ಒಂದು ಕಾಲನ್ನು ಕೆಳಕ್ಕೆ ಚಾಚಿದ್ದರು.

"ಇಳಿಯಡ! ತಮಾ, ಇಳಿಯಡ! ಒಳಗೆ ಹೋಗು!"

ಚಾಚಿದ ಕಾಲು ಮೇಲಕ್ಕೆ ಹೋಯಿತು. ಟ್ರಂಕನ್ನು ಮೇಲಕ್ಕೆ ಸಾಗಿಸುತ್ತಿದ್ದ ಕಂಡಕ್ಟರನು, "ಎಲ್ಲರೂ ನಿಲ್ಸಿ, ಇಳೀಬೇಕು ಅಂತ ನನ್ನ ಜೀವ ತಿಂತ್ರು. ಇಳೀಬೇಡ ಅಂತ ಕೂಗೂದು ಈ ಅಮ್ಮ ಒಬ್ರೇ. ಎಂತ ಮಾಡಿದ್ರು ಈ ಮಾಸ್ತರು?" ಎಂದ.

"ಮಾಡಿದ್ದಲ್ಲ, ಮಾಡೂಕೆ ಹೋಗೂದು" ಎಂದಳು ತಿಮ್ಮಿ. "ಮಣ್ಣು ಹೊರೂಕೆ. ವಿಲಾಯತಿಗೆ."

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾಸ್ತರರು ಕಿಟಕಿಯಿಂದ ಗಂಟನ್ನು ಹೊರಗೆ ಹಿಡಿದರು. ಗಂಗತ್ತೆ ಅದರ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಅಮೆ ತಟ್ಟಿದ್ದಾ?"

"ಇಲ್ಲೆ. ನೋವು ಬಂದ ಕೂಡಲೆ ವಸಂತಿಬಾಯಿ ಎದುರು ಮನೇಲಿ ಇಟ್ಟಿದ್ದು."

"ಯಾರ ಮನೆ?"

"ಮೈಮೂನಾಬಿ ಹೇಳಿ, ನವಾಯತರದ್ದು. ಗಂಡ ಕೊಲಂಬೋದಲ್ಲಿ. ಈ ಚೀಲ ಅವರೇ ಕೊಟ್ಟಿದ್ದು" ಎಂದು ಮಾಸ್ತರರು ಅಂಗಿಯೊಳಗಿನಿಂದ ಚೀಲವನ್ನು ಎಳೆದು ತೋರಿಸಿದರು.

ಗಂಗತ್ತೆ ಆ ಚೀಲವನ್ನು ತಿರುಗಿಸಿ, ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದರು. ಬಸ್ಸು ಗುರುಗುಡುತ್ತಿತ್ತು.

"ಗಟ್ಟಿ ಇದ್ದು" ಎಂದರು ಕೊನೆಗೆ. "ಗಂಡನ್ನ ಕಳಿಸಿ ರೂಢಿ ಇದ್ದವಳ ಹೊಲಿಗೆ. ಕುತ್ತಿಗೆಯಿಂದ ತೆಗೆಯಡ. ನಿನ್ನ ಪ್ರಸ್ಥಾನ ಶಿಶು ಹುಟ್ಟಿದ ಬಾಗಿಲು ಕಂಡು ಬಂತು, ಎರಡು ಸರ್ತಿ ಹೊಳೆ ದಾಟಿ ಬಂತು. ಇನ್ನು ಕಡಲು ದಾಟಲೆ ಅದಕ್ಕೆ ಹೆದರಿಕೆ ಇಲ್ಲೆ. ಹೋಗಿ ಬಾ."

ಕಂಡಕ್ಟರನು ಸೀಟಿ ಊದಿದ. ಬಸ್ಸು ಹೋಯಿತು.

ಮಾಸ್ತರರಿಗೆ ರೈಲೂ ಸಿಕ್ಕಿತು, ಹಡಗೂ ಸಿಕ್ಕಿತು. ಆ ಬೇಸಿಗೆಯನ್ನೆಲ್ಲ ಹಾನ್ಸನ ಜೊತೆ ಗರಗಸ ಎಳೆದು, ಕೊಟ್ಟಿಗೆಗಳಿಗೆ ಹೊಸ ಮಾಡು ಹೊದಿಸಿ, ನವರಾತ್ರಿಯ ಹೊತ್ತಿಗೆ ಕೆಮ್ಮನ್ನೂ ಒಂದು ದೊಡ್ಡ ಗಿಣ್ಣಿನ ಗಡ್ಡೆಯನ್ನೂ ಹೊತ್ತು ಮರಳಿದರು. ಗಂಗತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಮುರಿಯಾಳು ತೀರ್ತಾ?" ಮಾಸ್ತರರು, "ಕೆಲಸದ್ದು ತೀರ್ತು. ಉಂಡಿದ್ದು ಹೆಚ್ಚಾತು" ಎಂದರು. ಮುಂದೆ ಅವರಿಗೆ ಮದುವೆಯಾಯಿತು, ಮಕ್ಕಳಾದವು, ಕುಮಟೆಗೆ ವರ್ಗವಾಯಿತು. ಊಟಕ್ಕೆ ಹೊತ್ತಿಗೆ ಸರಿಯಾಗಿ ಬರುವುದು ಮಾತ್ರ ಕೊನೆಯ ತನಕ ಆಗಲಿಲ್ಲ.

ಇವೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಬಸ್ಸಿನ ಕೆಂಪು ಧೂಳು ಕೂತ ಮೇಲೂ ಗಂಗತ್ತೆ ರಸ್ತೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತರು. ತಿಮ್ಮಿ ಬುಟ್ಟಿ ಎತ್ತಿಕೊಂಡು ಹೋದಳು. ಗಂಗತ್ತೆ ಹಿಂದಿನ ದಿನದಿಂದ ಏನೂ ಉಂಡಿಲ್ಲವೆಂದು ನನಗೆ ಅವಳಿಂದಲೇ ತಿಳಿಯಿತು. ಮನೆಯ ಕಡೆ ನಡೆಯುವಾಗ ಅವರು ನನ್ನನ್ನು ಕೇಳಿದರು:

"ಮಾಸ್ತರೇ, ನಿಮಗೆ ಊಟ ಆಯ್ದಾ?"

"ಇಲ್ಲ."

"ಹಂಗಾರೆ ಬನ್ನಿ. ಅಂವ ಇಳಿದ್ರೆ ಇರಲಿ ಹೇಳಿ ಆನು ಅವಂಗೂ ಸೇರಿಸಿ ಅಕ್ಕಿ ಹಾಕಿದ್ದಿ" ಎಂದರು. ಆಮೇಲೆ ಮುಖದ ತುಂಬ ನಕ್ಕರು. "ಮಿಕ್ಕಿಹೋತು ನೋಡಿ, ದೇವರು ದೊಡ್ಡವ."

ನಾಗಪತಿ ಮಾಸ್ತರರ ಪಾಲಿನ ಅನ್ನವನ್ನು ನಾನು ಉಂಡೆ. ಗಂಗತ್ತೆಯೂ ಅಂದು ಎರಡು ಸಲ ಬಡಿಸಿಕೊಂಡರು.